ಶಾಲೆ ಯಾವುದಾದರೇನು ಎನ್ನುವವರ ಮಾತು ಕೇಳಬೇಡಿ

ವಿದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸಬೇಕೆಂದು ಹೊರಟವರಿಗೆ ಎಲ್ಲ ದಿಕ್ಕಿನಿಂದಲೂ ಬರುವ ಸಲಹೆ ಒಂದೇ. ಮೊದಲು ಹೇಗಾದರೂ ಹೋಗಿ ಸೇರಿಕೊಳ್ಳಿ, ದೇಶ ಒಳ್ಳೆಯದಿದ್ದು ಸಂಬಳ ಸರಿಯಿದ್ದರೆ ಸಾಕು, ಶಾಲೆ ಯಾವುದಾದರೇನು? ಕಮಿಷನ್ ಎಣಿಸುವ ಏಜೆಂಟ್ ಇದನ್ನು ಹೇಳುತ್ತಾನೆ. ಎರಡು ವರ್ಷ ಹೊರಗಿದ್ದು ಬಂದ ಗೆಳೆಯ ಹೇಳುತ್ತಾನೆ. ಅನುಭವ ಪತ್ರವೊಂದು ಕೈಗೆ ಬಂದರೆ ಮುಂದಿನದು ತಾನಾಗಿ ಆಗುತ್ತದೆ ಎಂದು ಕಾಲೇಜಿನ ಮೇಷ್ಟ್ರೂ ತಲೆಯಾಡಿಸುತ್ತಾರೆ. ಮಗಳಿಗೆ ಸಂಬಂಧ ನೋಡುವಾಗ ಗಂಡಿನ ಮನೆತನವನ್ನು ಮೂರು ತಲೆಮಾರು ವಿಚಾರಿಸುವ ತಂದೆತಾಯಿ, ಅದೇ ಮಗಳು ಸಾವಿರಾರು ಕಿಲೋಮೀಟರು ದೂರದ ಶಾಲೆಯೊಂದಕ್ಕೆ ಹೊರಟು ನಿಂತಾಗ ಆ ಶಾಲೆ ಯಾರದು, ಹಿಂದಿನ ಶಿಕ್ಷಕಿ ಯಾಕೆ ಬಿಟ್ಟು ಹೋದಳು ಎಂದು ಒಂದು ಮಾತೂ ಕೇಳುವುದಿಲ್ಲ.

ಈ ಸಲಹೆ ಅಪಾಯಕಾರಿ. ಕಳೆದ ಎರಡು ದಶಕಗಳಲ್ಲಿ ಜಪಾನ್, ದಕ್ಷಿಣ ಕೊರಿಯಾ, ಚೀನಾಗಳಲ್ಲಿ ಸಾವಿರಾರು ಶಿಕ್ಷಕರು ಇದನ್ನು ನಂಬಿ ಬೆಲೆ ತೆತ್ತಿದ್ದಾರೆ. ಇಂಗ್ಲಿಷ್ ಕಲಿಸಲು ಹೋದವರ ಬದುಕು ಹೇಗಿರುತ್ತದೆ ಎಂಬುದನ್ನು ಟೋಕಿಯೋ ಅಥವಾ ಸೋಲ್ ಎಂಬ ಊರು ತೀರ್ಮಾನಿಸುವುದು ತೀರ ಕಡಿಮೆ. ಅದನ್ನು ತೀರ್ಮಾನಿಸುವುದು ಶಾಲೆಯ ಬಗೆ. ಸರ್ಕಾರವೇ ನೇಮಿಸಿಕೊಂಡ ಶಾಲೆಯೋ, ಸಂಜೆಯ ಖಾಸಗಿ ತರಬೇತಿ ಕೇಂದ್ರವೋ, ಶಿಕ್ಷಕರನ್ನು ಗುತ್ತಿಗೆಗೆ ಒದಗಿಸುವ ಕಂಪನಿಯೋ, ಅಂತಾರಾಷ್ಟ್ರೀಯ ಶಾಲೆಯೋ, ಕೊಲ್ಲಿಯ ಸಿಬಿಎಸ್‌ಇ ಶಾಲೆಯೋ ಎಂಬುದರ ಮೇಲೆ ಸಂಬಳ, ವೀಸಾ, ಮನೆ, ರಜೆ, ಗೌರವ, ಕೊನೆಗೆ ಮಕ್ಕಳು ಏನಾದರೂ ಕಲಿಯುತ್ತಾರೋ ಇಲ್ಲವೋ ಎನ್ನುವುದೂ ನಿಂತಿದೆ. ಇಷ್ಟು ದೊಡ್ಡ ವಿಷಯವನ್ನು 'ಯಾವುದಾದರೇನು' ಎಂದು ತಳ್ಳಿಹಾಕುವ ಧೈರ್ಯ ಎಲ್ಲಿಂದ ಬಂತು?

ಜಪಾನಿನ ನೋವಾ ಕಂಪನಿಯ ಕಥೆಯನ್ನು ಈ ಸಲಹೆಗಾರರು ಯಾರೂ ಎತ್ತುವುದಿಲ್ಲ. 1981ರಲ್ಲಿ ಒಸಾಕಾದಲ್ಲಿ ಹುಟ್ಟಿದ ನೋವಾ, ಅಲ್ಲಿ ಏಕೈವಾ ಎಂದು ಕರೆಯುವ ಇಂಗ್ಲಿಷ್ ಸಂಭಾಷಣೆ ತರಗತಿಗಳ ಅತಿ ದೊಡ್ಡ ಸರಪಳಿಯಾಗಿ ಬೆಳೆಯಿತು. ರೈಲು ನಿಲ್ದಾಣದ ಎದುರಿಗೇ ವಿದೇಶ ವ್ಯಾಸಂಗ ಎಂಬುದು ಅದರ ಜಾಹೀರಾತು. ಗುಲಾಬಿ ಬಣ್ಣದ ಮೊಲದ ಚಿತ್ರ ಊರೂರಲ್ಲಿ ಕಾಣುತ್ತಿತ್ತು. ಸುಮಾರು 4,000 ವಿದೇಶಿ ಶಿಕ್ಷಕರು, ಲಕ್ಷಗಟ್ಟಲೆ ವಿದ್ಯಾರ್ಥಿಗಳು. ಆಸ್ಟ್ರೇಲಿಯಾ, ಬ್ರಿಟನ್, ಅಮೆರಿಕ, ಕೆನಡಾಗಳಿಂದ ಪದವಿ ಮುಗಿಸಿದವರು ನೇರ ವಿಮಾನ ಹತ್ತುತ್ತಿದ್ದರು. ದೊಡ್ಡ ಕಂಪನಿ, ಸುಭದ್ರ ದೇಶ, ಕೈತುಂಬ ಸಂಬಳ, ಮನೆಯನ್ನೂ ಅವರೇ ಕೊಡುತ್ತಾರೆ ಎಂದರೆ ಬೇರೇನು ಬೇಕು?

ವ್ಯವಹಾರ ನಿಂತದ್ದು ಮುಂಗಡ ಹಣದ ಮೇಲೆ. ವಿದ್ಯಾರ್ಥಿಗಳಿಂದ ನೂರಾರು ಪಾಠಗಳ ಶುಲ್ಕವನ್ನು ಒಮ್ಮೆಗೇ ವಸೂಲು ಮಾಡಿ, ಆ ಹಣದಲ್ಲಿ ಹೊಸ ಶಾಖೆ ತೆರೆಯುವುದು ಅದರ ದಾರಿ. ನಡುವೆ ಬಿಟ್ಟವರಿಗೆ ಹಣ ಹಿಂದಿರುಗಿಸುವಾಗ ಲೆಕ್ಕ ಬದಲಾಯಿಸುವ ಕಂಪನಿಯ ಪದ್ಧತಿ ಕಾನೂನುಬಾಹಿರ ಎಂದು 2007ರ ಏಪ್ರಿಲ್‌ನಲ್ಲಿ ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಜೂನ್‌ನಲ್ಲಿ ಸರ್ಕಾರ ಆರು ತಿಂಗಳ ಕಾಲ ಹೊಸ ದೀರ್ಘಾವಧಿ ಒಪ್ಪಂದಗಳನ್ನು ತಡೆಯಿತು. ಮುಂಗಡದ ಹೊಳೆ ಬತ್ತಿತು, ಸಂಬಳ ತಡವಾಯಿತು, ಆಮೇಲೆ ನಿಂತೇ ಹೋಯಿತು. ಶಿಕ್ಷಕರ ಸಂಬಳದಿಂದ ಮನೆ ಬಾಡಿಗೆ ಎಂದು ಕಂಪನಿ ಹಣ ಮುರಿದುಕೊಂಡಿತ್ತು. ಅದನ್ನು ಮನೆ ಮಾಲೀಕರಿಗೆ ಕಟ್ಟಿರಲೇ ಇಲ್ಲ. ಸಂಬಳವಿಲ್ಲದ ಶಿಕ್ಷಕರ ಬಾಗಿಲಿಗೆ ಮನೆ ಖಾಲಿ ಮಾಡಿ ಎಂಬ ನೋಟಿಸು ಬಂತು. ಅಕ್ಟೋಬರ್ 26ರಂದು ನೋವಾ ನ್ಯಾಯಾಲಯದ ರಕ್ಷಣೆ ಕೋರಿತು. ಶಿಕ್ಷಕರು ಊಟಕ್ಕೆ ಬದಲಾಗಿ ಪಾಠ ಹೇಳುವ ಸ್ಥಿತಿಗೆ ಬಂದರು. ಕಂಪನಿಯ ಸ್ಥಾಪಕ ಅಧ್ಯಕ್ಷ ನೌಕರರ ನಿಧಿಯ ಹಣವನ್ನೇ ದುರುಪಯೋಗ ಮಾಡಿದ್ದನೆಂದು 2009ರಲ್ಲಿ ಒಸಾಕಾದ ನ್ಯಾಯಾಲಯ ಶಿಕ್ಷೆ ವಿಧಿಸಿತು. ಮರುವರ್ಷ, 2010ರ ಏಪ್ರಿಲ್‌ನಲ್ಲಿ, ಜಿಯೋಸ್ ಎಂಬ ಇನ್ನೊಂದು ದೊಡ್ಡ ಸರಪಳಿಯೂ ದಿವಾಳಿ ಎದ್ದಿತು.

ಇದನ್ನು ದುರದೃಷ್ಟ ಎನ್ನುವವರಿದ್ದಾರೆ. ಆ ಮಾತನ್ನು ಒಪ್ಪಲಾಗದು. ಅದೇ ಜಪಾನಿನಲ್ಲಿ, ಅದೇ 2007ರಲ್ಲಿ, ಜೆಟ್ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಶಿಕ್ಷಕರಾಗಿದ್ದವರಿಗೆ ಇಂಥ ಗತಿ ಬರಲಿಲ್ಲ. 1987ರಲ್ಲಿ ಸರ್ಕಾರ ಶುರುಮಾಡಿದ ಈ ಕಾರ್ಯಕ್ರಮದಲ್ಲಿ ಶಿಕ್ಷಕರನ್ನು ನೇಮಿಸಿಕೊಳ್ಳುವುದು ಸ್ಥಳೀಯ ಆಡಳಿತ. ಆರೋಗ್ಯ ವಿಮೆ, ಪಿಂಚಣಿ ವಂತಿಗೆ, ಹೋಗಿಬರುವ ವಿಮಾನದ ಟಿಕೆಟ್ ಎಲ್ಲವೂ ಒಪ್ಪಂದದಲ್ಲೇ ಇರುತ್ತದೆ. ದೇಶ ಒಂದೇ, ಭಾಷೆ ಒಂದೇ, ಹೋದವರ ಓದೂ ಒಂದೇ. ಬೇರೆಯಾಗಿದ್ದದ್ದು ಶಾಲೆಯ ಬಗೆ ಮಾತ್ರ. ಹಾಗಿದ್ದ ಮೇಲೆ ಅದೃಷ್ಟದ ಮಾತು ಎಲ್ಲಿಂದ ಬಂತು?

ಸರ್ಕಾರಿ ಶಾಲೆ ಎಂದಕೂಡಲೇ ನಂಬಿಬಿಡಬೇಕೆಂದೂ ಅಲ್ಲ. ಜಪಾನಿನ ಎಷ್ಟೋ ನಗರಗಳ ಶಿಕ್ಷಣ ಮಂಡಳಿಗಳು ಖರ್ಚು ಉಳಿಸಲು ಸಹಾಯಕ ಶಿಕ್ಷಕರನ್ನು ಖಾಸಗಿ ಕಂಪನಿಗಳಿಂದ ಗುತ್ತಿಗೆಗೆ ಪಡೆಯುತ್ತವೆ. ಶಿಕ್ಷಕ ನಿಲ್ಲುವುದು ಸರ್ಕಾರಿ ಶಾಲೆಯ ಕೋಣೆಯಲ್ಲೇ, ಆದರೆ ಅವನ ಮಾಲೀಕ ಬೇರೆಲ್ಲೋ ಕುಳಿತ ಕಂಪನಿ. ಪೂರ್ಣಾವಧಿಗೆ ಸಿಗಬೇಕಾದ ಸಾಮಾಜಿಕ ವಿಮೆಯ ಹೊರೆ ತಮ್ಮ ಮೇಲೆ ಬೀಳದಿರಲೆಂದು ಇಂಥ ಕಂಪನಿಗಳು ವರ್ಷಗಟ್ಟಲೆ ಕೆಲಸದ ಅವಧಿಯನ್ನು ವಾರಕ್ಕೆ 29.5 ಗಂಟೆ ಎಂದು ಬರೆದುಕೊಂಡವು. 30 ಗಂಟೆ ಮುಟ್ಟಿದರೆ ಹೊಣೆ ಬರುತ್ತಿತ್ತು. ಅರ್ಧ ಗಂಟೆ ಕಡಿಮೆ ಬರೆದು ಒಬ್ಬ ಮನುಷ್ಯನ ಆರೋಗ್ಯ, ಪಿಂಚಣಿಗಳನ್ನು ಕೈಬಿಟ್ಟರು. ಶಾಲೆಗೆ ರಜೆ ಬಂದ ತಿಂಗಳು ಸಂಬಳವೂ ಇಳಿಯುತ್ತದೆ.

ಇದಕ್ಕಿಂತ ಕೆಟ್ಟದ್ದು ತರಗತಿಯೊಳಗೆ ನಡೆಯುವುದು. ಕೆಲವು ಬಗೆಯ ಗುತ್ತಿಗೆಯಲ್ಲಿ ಶಾಲೆಯ ಜಪಾನಿ ಶಿಕ್ಷಕಿ ಪಕ್ಕದಲ್ಲಿ ನಿಂತ ಸಹಾಯಕನಿಗೆ ನೇರವಾಗಿ ಸೂಚನೆ ಕೊಡುವುದೇ ಕಾರ್ಮಿಕ ಕಾನೂನಿನ ಉಲ್ಲಂಘನೆಯಾಗುತ್ತದೆ, ಏಕೆಂದರೆ ಅವನು ಆ ಶಾಲೆಯ ನೌಕರನಲ್ಲ. ಇಬ್ಬರು ಶಿಕ್ಷಕರು ಒಂದೇ ಕೋಣೆಯಲ್ಲಿ ಒಂದೇ ಮಕ್ಕಳ ಮುಂದೆ ನಿಂತು ಪಾಠದ ಬಗ್ಗೆ ಮಾತಾಡಿಕೊಳ್ಳುವಂತಿಲ್ಲ ಎನ್ನುವ ವ್ಯವಸ್ಥೆಯಲ್ಲಿ ಯಾವ ಮಗು ಏನು ಕಲಿತೀತು?

ಕೊರಿಯಾಕ್ಕೆ ಬನ್ನಿ. ಅಲ್ಲಿ ಹಾಗ್ವಾನ್ ಎಂಬ ಖಾಸಗಿ ತರಬೇತಿ ಕೇಂದ್ರಗಳು ಗಲ್ಲಿಗಲ್ಲಿಯಲ್ಲಿವೆ. ಶಾಲೆ ಮುಗಿಸಿದ ಮಕ್ಕಳು ಅಲ್ಲಿಗೆ ಓಡುತ್ತಾರೆ. ರಾತ್ರಿ ಹತ್ತರ ನಂತರ ಪಾಠ ನಡೆಸಬಾರದು ಎಂದು ಸೋಲ್ ನಗರಾಡಳಿತ ನಿಯಮ ಮಾಡಬೇಕಾಯಿತು. ಇಂಗ್ಲಿಷ್ ಶಿಶುವಿಹಾರ ಎಂದು ಬೋರ್ಡು ಹಾಕಿಕೊಂಡ ಎಷ್ಟೋ ಕಡೆ ಕಾನೂನಿನ ಪ್ರಕಾರ ಶಿಶುವಿಹಾರವೇ ಇಲ್ಲ. ಅವು ಹಾಗ್ವಾನ್ ಎಂದೇ ನೋಂದಣಿಯಾಗಿವೆ, ಶಿಶುವಿಹಾರಗಳಿಗಿರುವ ಕಟ್ಟುಪಾಡುಗಳು ಅವುಗಳಿಗಿಲ್ಲ. ಇಲ್ಲಿ ಕಲಿಸುವ ವಿದೇಶಿಯರಿಗೆ ಸಿಗುವ ಇ-2 ವೀಸಾ ಉದ್ಯೋಗದಾತನಿಗೆ ಕಟ್ಟಿದ್ದು. ಒಪ್ಪಂದದ ನಡುವೆ ಬೇರೆ ಶಾಲೆಗೆ ಹೋಗಬೇಕಾದರೆ ಹಳೆಯ ಮಾಲೀಕನೇ ಬಿಡುಗಡೆ ಪತ್ರ ಬರೆದುಕೊಡಬೇಕು. ಮನೆ ಅವನದು, ವೀಸಾ ಅವನ ಕೈಯಲ್ಲಿ, ಸಂಬಳ ಅವನ ಕೈಯಲ್ಲಿ. ಒಂದು ವರ್ಷ ಪೂರ್ಣಗೊಳಿಸಿದವರಿಗೆ ಒಂದು ತಿಂಗಳ ಸಂಬಳದಷ್ಟು ನಿವೃತ್ತಿ ಭತ್ಯೆ ಕೊಡಬೇಕು ಎಂದು ಕೊರಿಯಾದ ಕಾನೂನು ಹೇಳುತ್ತದೆ. ಅದನ್ನು ತಪ್ಪಿಸಲು ಹನ್ನೊಂದನೆಯ ತಿಂಗಳಲ್ಲಿ ಏನಾದರೊಂದು ನೆಪ ಹೇಳಿ ಮನೆಗೆ ಕಳಿಸುವ ಮಾಲೀಕರ ಕುರಿತು ಅಲ್ಲಿ ಕಲಿಸಿದವರಿಗೆಲ್ಲ ಗೊತ್ತು. ಒಳ್ಳೆಯ ಹಾಗ್ವಾನ್‌ಗಳೂ ಇವೆ. ಆದರೆ ಒಳ್ಳೆಯದು ಯಾವುದು ಎಂದು ಹುಡುಕುವ ಕೆಲಸವನ್ನೇ ಬೇಡ ಎನ್ನುವುದಲ್ಲವೇ ಈ ಸಲಹೆ?

ಚೀನಾದಲ್ಲಿ ಒಂದು ಸರ್ಕಾರಿ ಆದೇಶ ಸಾಕಾಯಿತು. 2021ರ ಜುಲೈನಲ್ಲಿ, ಮಕ್ಕಳ ಹೋಂವರ್ಕ್ ಮತ್ತು ಶಾಲೆಯ ಹೊರಗಿನ ಟ್ಯೂಷನ್ ಎರಡನ್ನೂ ಕಡಿಮೆ ಮಾಡುವ ನೀತಿ ಬಂತು. ಶಾಲಾ ವಿಷಯಗಳ ಟ್ಯೂಷನ್‌ನಿಂದ ಲಾಭ ಮಾಡುವಂತಿಲ್ಲ, ವಾರಾಂತ್ಯ ಮತ್ತು ರಜೆಗಳಲ್ಲಿ ಕಲಿಸುವಂತಿಲ್ಲ, ಹೊರದೇಶದಲ್ಲಿ ಕುಳಿತ ಶಿಕ್ಷಕರಿಂದ ಆನ್‌ಲೈನ್ ಪಾಠ ಹೇಳಿಸುವಂತಿಲ್ಲ. ಅಮೆರಿಕ, ಕೆನಡಾಗಳ ಸಾವಿರಾರು ಮನೆಗಳಿಂದ ಚೀನೀ ಮಕ್ಕಳಿಗೆ ಪಾಠ ಹೇಳುತ್ತಿದ್ದವರ ಆದಾಯ ನಿಂತಿತು. ಮರುತಿಂಗಳೇ, ಈ ಆದೇಶ ನೇರವಾಗಿ ಮುಟ್ಟದ, ವಯಸ್ಕರಿಗೆ ಕಲಿಸುತ್ತಿದ್ದ ವಾಲ್ ಸ್ಟ್ರೀಟ್ ಇಂಗ್ಲಿಷ್ ಚೀನಾದ ತನ್ನ ಕೇಂದ್ರಗಳನ್ನು ಮುಚ್ಚುವುದಾಗಿ ಸಿಬ್ಬಂದಿಗೆ ತಿಳಿಸಿತು. ಇಲ್ಲಿಯೂ ಮುಂಗಡ ಶುಲ್ಕ ಕಟ್ಟಿದ ವಿದ್ಯಾರ್ಥಿಗಳು ಬೀದಿಯಲ್ಲಿ ನಿಂತರು. ಕೆಲವರು ಆ ಶುಲ್ಕಕ್ಕಾಗಿ ಸಾಲ ಮಾಡಿದ್ದರು. ಇದೇ ಹೊತ್ತಿನಲ್ಲಿ ಚೀನಾದ ವಿಶ್ವವಿದ್ಯಾಲಯಗಳಲ್ಲಿ, ನೋಂದಾಯಿತ ಶಾಲೆಗಳಲ್ಲಿ ಕಲಿಸುತ್ತಿದ್ದ ವಿದೇಶಿಯರ ಕೆಲಸಕ್ಕೆ ಈ ಆದೇಶದಿಂದ ಧಕ್ಕೆಯಾಗಲಿಲ್ಲ. ತರಬೇತಿ ಕೇಂದ್ರದವರು ಅವರಿಗಿಂತ ಹೆಚ್ಚು ಸಂಬಳ ತೋರಿಸಿದ್ದರು. ಆ ಹೆಚ್ಚಿನ ಸಂಬಳ ಎಷ್ಟು ಕಾಲ ನಡೆಯುತ್ತದೆ ಎಂದು ಕೇಳಲು ಶಿಕ್ಷಕರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸಲಹೆಗಾರರ ಮುಂದಿನ ವಾದ ಇನ್ನೂ ಕ್ರೂರ. ಇಂಗ್ಲಿಷ್ ಚೆನ್ನಾಗಿ ಬಂದರೆ ಸಾಕು, ಕಲಿಸುವುದು ಹೋದಮೇಲೆ ಬರುತ್ತದೆ ಎನ್ನುತ್ತಾರೆ. ಕರ್ನಾಟಕದಲ್ಲಿ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಬೇಕಾದರೆ ಎರಡು ವರ್ಷದ ಬಿ.ಎಡ್. ಬೇಕು. ಸೆಲ್ಟಾ ಎಂಬ ಅಂತಾರಾಷ್ಟ್ರೀಯ ಮನ್ನಣೆಯ ತರಬೇತಿ ಕನಿಷ್ಠ 120 ಗಂಟೆಯದು. ಅದರಲ್ಲಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಕಲಿಸಿ, ಪರೀಕ್ಷಕರ ಕಣ್ಣೆದುರು ತೇರ್ಗಡೆಯಾಗಬೇಕು. ಇವತ್ತು ಒಂದು ಮಗುವನ್ನೂ ನೋಡದೆ, ವಿಡಿಯೋ ನೋಡಿ ಟಿಕ್ ಹಾಕಿದರೆ ಸಿಗುವ 120 ಗಂಟೆಯ ಆನ್‌ಲೈನ್ ಸರ್ಟಿಫಿಕೇಟುಗಳು ಅಗ್ಗದಲ್ಲಿ ಬಿಕರಿಯಾಗುತ್ತಿವೆ. ಅದನ್ನೇ ಸಾಕೆನ್ನುವ ಶಾಲೆಗಳೂ ಇವೆ. ಅರ್ಹತೆ ಕೇಳದ ಶಾಲೆ ಶಿಕ್ಷಕನಿಗೆ ಉಪಕಾರ ಮಾಡುತ್ತಿಲ್ಲ. ಕಲಿಕೆ ತನಗೆ ಮುಖ್ಯವಲ್ಲ ಎಂದು ಅದು ಮೊದಲ ದಿನವೇ ಹೇಳಿಬಿಟ್ಟಿದೆ. ಅಂಥಲ್ಲಿ ಹಿರಿಯ ಶಿಕ್ಷಕರು ಪಾಠ ನೋಡಿ ತಿದ್ದುವುದಿಲ್ಲ, ಪಠ್ಯಕ್ರಮ ಎಂಬುದು ಜೆರಾಕ್ಸ್ ಹಾಳೆಗಳ ಕಟ್ಟು, ಐದು ವರ್ಷದ ಮಗುವಿಗೂ ಐವತ್ತು ವರ್ಷದ ಗುಮಾಸ್ತನಿಗೂ ಒಂದೇ ಆಟ. ಎರಡು ವರ್ಷ ಅಲ್ಲಿದ್ದು ಬಂದವರ ಕೈಯಲ್ಲಿ ಅನುಭವ ಪತ್ರ ಇರುತ್ತದೆ, ಕಲಿಸುವ ವಿದ್ಯೆ ಇರುವುದಿಲ್ಲ. ಈ ನಷ್ಟವನ್ನು ಯಾರು ತುಂಬಿಕೊಡುತ್ತಾರೆ?

ಇದೆಲ್ಲದರ ಬೇರಿನಲ್ಲಿ ಒಂದು ಹಳೆಯ ನಂಬಿಕೆ ಕುಳಿತಿದೆ. ಇಂಗ್ಲಿಷನ್ನು ಹುಟ್ಟುಭಾಷೆಯಾಗಿ ಪಡೆದವರೇ, ಅಂದರೆ ನೇಟಿವ್ ಸ್ಪೀಕರ್‌ಗಳೇ, ಅದರ ಅತ್ಯುತ್ತಮ ಶಿಕ್ಷಕರು ಎಂಬ ನಂಬಿಕೆ ಅದು. 1961ರಲ್ಲಿ ಉಗಾಂಡಾದ ಮಕೆರೆರೆಯಲ್ಲಿ ನಡೆದ ಕಾಮನ್‌ವೆಲ್ತ್ ಸಮ್ಮೇಳನ ಇದಕ್ಕೆ ಶಾಸ್ತ್ರದ ರೂಪ ಕೊಟ್ಟಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು, ನೇಟಿವ್ ಸ್ಪೀಕರೇ ಆದರ್ಶ ಶಿಕ್ಷಕ, ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು ಎಂಬ ಸೂತ್ರಗಳು ಅಲ್ಲಿಂದ ಹೊರಟವು. ಈ ಸೂತ್ರಗಳು ಭ್ರಮೆ ಎಂದು ಭಾಷಾ ವಿದ್ವಾಂಸ ರಾಬರ್ಟ್ ಫಿಲಿಪ್‌ಸನ್ 1992ರಲ್ಲೇ ಪುಸ್ತಕ ಬರೆದು ತೋರಿಸಿದರು. ಅದೇ ವರ್ಷ ಹಂಗೇರಿಯ ಪೀಟರ್ ಮೆಜ್ಯೆಶ್, ಇಂಗ್ಲಿಷನ್ನು ಕಷ್ಟಪಟ್ಟು ಕಲಿತ ಶಿಕ್ಷಕನಿಗೆ ವಿದ್ಯಾರ್ಥಿ ಎಲ್ಲಿ ಎಡವುತ್ತಾನೆಂದು ಮೊದಲೇ ಗೊತ್ತಿರುತ್ತದೆ ಎಂದು ವಾದಿಸಿದರು. ಇಂಗ್ಲಿಷ್ ಶಿಕ್ಷಕರ ಸಂಘಟನೆಯಾದ ಅಮೆರಿಕದ ಟೆಸೋಲ್ ಸಂಘ 2006ರಲ್ಲಿ ಇಂಥ ತಾರತಮ್ಯವನ್ನು ವಿರೋಧಿಸಿ ಅಧಿಕೃತ ನಿಲುವು ಪ್ರಕಟಿಸಿತು. ವಿದ್ವತ್ತಿನ ಲೋಕದಲ್ಲಿ ಮುಗಿದುಹೋದ ವಾದ ನೇಮಕಾತಿಯ ಜಾಹೀರಾತಿನಲ್ಲಿ ಮಾತ್ರ ಇನ್ನೂ ಬದುಕಿದೆ.

ಕೊರಿಯಾದ ಇ-2 ವೀಸಾ ನಿಯಮ ನೋಡಿ. ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪಾಸ್‌ಪೋರ್ಟ್ ಇದ್ದು ಯಾವುದಾದರೂ ವಿಷಯದಲ್ಲಿ ಪದವಿ ಇದ್ದರೆ ಹಾಗ್ವಾನ್‌ನಲ್ಲಿ ಇಂಗ್ಲಿಷ್ ಕಲಿಸಬಹುದು. ದಕ್ಷಿಣ ಆಫ್ರಿಕಾದ 2011ರ ಜನಗಣತಿಯ ಪ್ರಕಾರ ಅಲ್ಲಿ ಇಂಗ್ಲಿಷ್ ಮನೆಮಾತಾಗಿರುವವರು ಹತ್ತು ಜನರಲ್ಲಿ ಒಬ್ಬರಷ್ಟೇ. ಅದಕ್ಕೇ ಅಲ್ಲಿನ ಅರ್ಜಿದಾರರಿಂದ ಕೊರಿಯಾದ ಸರ್ಕಾರಿ ಶಾಲಾ ಕಾರ್ಯಕ್ರಮ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ದಾಖಲೆ ಕೇಳುತ್ತದೆ. ಸರಿಯಾದ ಕ್ರಮವೇ. ಹಾಗಾದರೆ ಒಂದನೆಯ ತರಗತಿಯಿಂದ ಎಂ.ಎ. ತನಕ ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಮೈಸೂರಿನ ಹುಡುಗಿಯ ದಾಖಲೆಗೆ ಹಾಗ್ವಾನ್‌ನಲ್ಲೇಕೆ ಬೆಲೆಯಿಲ್ಲ? ಚೀನಾದ ನಿಯಮವೂ ಭಾಷಾ ಶಿಕ್ಷಕರು ತಮ್ಮ ತಾಯ್ನುಡಿಯನ್ನೇ ಕಲಿಸಬೇಕು ಎಂಬ ತತ್ತ್ವದಿಂದ ಹೊರಡುತ್ತದೆ. ಆದರೆ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಭೂತಾನ್ 1960ರ ದಶಕದಲ್ಲಿ ಇಂಗ್ಲಿಷ್ ಮಾಧ್ಯಮದ ಆಧುನಿಕ ಶಾಲೆಗಳನ್ನು ಕಟ್ಟಿದಾಗ ಬೆಟ್ಟ ಹತ್ತಿ ಹೋಗಿ ಕಲಿಸಿದವರಲ್ಲಿ ಭಾರತದ, ಅದರಲ್ಲೂ ಕೇರಳದ ಶಿಕ್ಷಕರು ಬಹಳ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾದಲ್ಲೂ ಅಷ್ಟೇ. ಆ ದೇಶಗಳ ಒಂದಿಡೀ ಪೀಳಿಗೆ ಅವರಿಂದ ಇಂಗ್ಲಿಷ್ ಕಲಿತಿತು.

ಬೆಂಗಳೂರಿನ ಋಣ ಇದಕ್ಕಿಂತ ದೊಡ್ಡದು. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು ಅವರು ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪನೆಯಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್ಲೂ ಇದಕ್ಕೆ ಬೆನ್ನಾಗಿದ್ದವು. ವ್ಯಾಕರಣದ ನಿಯಮ ಬಾಯಿಪಾಠ ಮಾಡಿಸುವುದನ್ನು ಬಿಟ್ಟು ಮಕ್ಕಳ ಮುಂದೆ ರೈಲ್ವೆ ವೇಳಾಪಟ್ಟಿ, ಊರಿನ ನಕ್ಷೆಗಳನ್ನು ಇಟ್ಟರು. ಇಲ್ಲಿಂದ ಅಲ್ಲಿಗೆ ಯಾವ ರೈಲಿನಲ್ಲಿ ಹೋದರೆ ಹೊತ್ತಿಗೆ ಮುಟ್ಟಬಹುದು ಎಂದು ಮಕ್ಕಳು ಇಂಗ್ಲಿಷಿನಲ್ಲಿ ಯೋಚಿಸಿ ಉತ್ತರ ಹುಡುಕಬೇಕಿತ್ತು. ಗಮನವೆಲ್ಲ ಲೆಕ್ಕದ ಮೇಲಿರುವಾಗ ಭಾಷೆ ತನ್ನಷ್ಟಕ್ಕೆ ಒಳಗೆ ಇಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಬೆಂಗಳೂರು ಪ್ರಾಜೆಕ್ಟ್ ಎಂದೇ ಹೆಸರಾದ ಇದರ ಕುರಿತ ಅವರ ಪುಸ್ತಕ 1987ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಇವತ್ತು ಜಗತ್ತಿನಾದ್ಯಂತ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಹೇಳಿಕೊಡುವ ಚಟುವಟಿಕೆ ಆಧಾರಿತ ಬೋಧನೆಯ ಆರಂಭದ ಪ್ರಮುಖ ಪ್ರಯೋಗಗಳಲ್ಲಿ ಇದು ಒಂದು. ಈ ವಿಧಾನ ರೂಪುಗೊಂಡದ್ದು ಸಾಧಾರಣ ಭಾರತೀಯ ಶಾಲೆಗಳಲ್ಲಿ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳ ನಡುವೆ. ಬೆಂಗಳೂರಿನಿಂದ ಬಂದ ಶಿಕ್ಷಕಿ ಕಲಿಸಲು ಯೋಗ್ಯಳಲ್ಲ ಎಂದು ಪಾಸ್‌ಪೋರ್ಟಿನ ಬಣ್ಣ ನೋಡಿ ಹೇಳುವ ಶಾಲೆಗೆ ಬೋಧನೆಯ ಬಗ್ಗೆ ಏನು ಗೊತ್ತಿದೆ?

ಭಾರತ ಮತ್ತು ಕೊರಿಯಾ ನಡುವಿನ ಆರ್ಥಿಕ ಒಪ್ಪಂದ 2010ರ ಜನವರಿ 1ರಿಂದ ಜಾರಿಗೆ ಬಂದಾಗ ಭಾರತೀಯರಿಗೂ ಇಂಗ್ಲಿಷ್ ಸಹಾಯಕ ಶಿಕ್ಷಕರಾಗುವ ಬಾಗಿಲು ತೆರೆಯಿತು. ಪದವಿಯ ಜೊತೆಗೆ ಶಿಕ್ಷಕ ಅರ್ಹತೆ ಇರಬೇಕು, ಕಲಿಸುವುದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳಲ್ಲಿ. ಹಾಗ್ವಾನ್‌ಗೆ ಪ್ರವೇಶವಿಲ್ಲ. ಇದರಲ್ಲೊಂದು ಪಾಠವಿದೆ. ಬೋಧನೆಯನ್ನು ವೃತ್ತಿ ಎಂದು ನೋಡುವ ಕಡೆ ತರಬೇತಿ ಪಡೆದ ಭಾರತೀಯನಿಗೆ ಜಾಗ ಇರಬಲ್ಲದು. ಮುಖ ಮತ್ತು ಉಚ್ಚಾರವನ್ನು ಮಾರುವ ಕಡೆ ಇರುವುದಿಲ್ಲ. ಆದ್ದರಿಂದ ಶಾಲೆಯ ಬಗೆಯನ್ನು ವಿಚಾರಿಸುವುದು ಬೇರೆಲ್ಲರಿಗಿಂತ ಭಾರತೀಯರಿಗೆ, ಕನ್ನಡಿಗರಿಗೆ ಹೆಚ್ಚು ಅಗತ್ಯ.

ಹೀಗಿರುವಾಗಲೂ ಇಲ್ಲಿನ ಕೆಲವು ಏಜೆಂಟರು ಏನು ಹೇಳುತ್ತಾರೆ? ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತಾರೆ ಎನ್ನುತ್ತಾರೆ. ಕೆಲಸದ ಪರವಾನಗಿ ಇಲ್ಲದೆ ಕಲಿಸಿ ಸಿಕ್ಕಿಬಿದ್ದರೆ ಜೈಲು, ದಂಡ, ಗಡೀಪಾರು ಶಿಕ್ಷಕನಿಗೆ. ಏಜೆಂಟನ ಅಂಗಡಿ ಮರುದಿನವೂ ತೆರೆದಿರುತ್ತದೆ. ಪರವಾನಗಿ ಮಾಡಿಸಿಕೊಡಲು ಒಪ್ಪದ ಶಾಲೆ ಆ ದೇಶದ ಕಾನೂನಿನ ಕಣ್ಣಿಗೆ ಬೀಳಲು ಹೆದರುವ ಶಾಲೆ. ವಿದೇಶಿ ಉದ್ಯೋಗಕ್ಕೆ ಕಳಿಸುವ ಏಜೆಂಟ್ 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಅವನು ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮ ಹಾಕಿರುವ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೆ ರಸೀದಿ ಕೊಡಲೇಬೇಕು. ಲಕ್ಷಗಟ್ಟಲೆ ಕೇಳಿ ರಸೀದಿ ಕೊಡದವನ ಮುಂದೆ ಕುಳಿತು, ಶಾಲೆ ಯಾವುದಾದರೂ ಪರವಾಗಿಲ್ಲ ಸಾರ್ ಎನ್ನುವ ತಂದೆಯ ಅಸಹಾಯಕತೆ ಅರ್ಥವಾಗುತ್ತದೆ. ಆದರೆ ಆ ಅಸಹಾಯಕತೆಯನ್ನೇ ಬಂಡವಾಳ ಮಾಡಿಕೊಂಡವರಿಗೆ ಕ್ಷಮೆಯಿಲ್ಲ.

ಕೊಲ್ಲಿ ದೇಶಗಳಿಗೆ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋದ ಶಿಕ್ಷಕಿಯರಿಗೆ ಈ ಮಾತು ಹೊಸದಲ್ಲ. ಒಂದೇ ನಗರದಲ್ಲಿ, ಒಂದೇ ರಸ್ತೆಯ ಆಚೀಚೆ, ಬ್ರಿಟಿಷ್ ಪಠ್ಯಕ್ರಮದ ಶಾಲೆ ಕೊಡುವುದಕ್ಕಿಂತ ಭಾರತೀಯ ಪಠ್ಯಕ್ರಮದ ಶಾಲೆ ಕೊಡುವ ಸಂಬಳ ಬಹಳ ಕಡಿಮೆ, ತರಗತಿಯಲ್ಲಿ ಮಕ್ಕಳು ಹೆಚ್ಚು. ಆದರೂ ದುಬೈಯಲ್ಲಿ ಒಂದು ಅನುಕೂಲವಿದೆ. ಅಲ್ಲಿನ ಕೆಎಚ್‌ಡಿಎ ಪ್ರಾಧಿಕಾರ ವರ್ಷಗಳ ಕಾಲ ಖಾಸಗಿ ಶಾಲೆಗಳನ್ನು ಒಂದೊಂದಾಗಿ ತಪಾಸಣೆ ಮಾಡಿ, ಅತ್ಯುತ್ತಮದಿಂದ ದುರ್ಬಲದವರೆಗೆ ದರ್ಜೆ ಕೊಟ್ಟು, ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿದೆ. ಬೋಧನೆ ಹೇಗಿದೆ, ಆಡಳಿತ ಹೇಗಿದೆ, ಶಿಕ್ಷಕರು ಎಷ್ಟು ಬೇಗ ಬಿಟ್ಟು ಹೋಗುತ್ತಾರೆ ಎಂಬುದರ ಸುಳಿವು ಅದರಲ್ಲೇ ಸಿಗುತ್ತದೆ. ಒಂದು ಸಂಜೆ ಕುಳಿತು ಓದಿದರೆ ಸಾಕು. ಸಂದರ್ಶನಕ್ಕೆ ಕರೆ ಬಂದವರಲ್ಲಿ ಎಷ್ಟು ಮಂದಿ ಅದನ್ನು ಓದಿಕೊಂಡು ಹೋಗುತ್ತಾರೆ?

ಈ ಚರ್ಚೆಯಲ್ಲಿ ಎಲ್ಲರೂ ಮರೆಯುವವರು ಮಕ್ಕಳು. ಹನ್ನೊಂದು ತಿಂಗಳಿಗೊಮ್ಮೆ ಬದಲಾಗುವ ಶಿಕ್ಷಕರ ಎದುರು ಕುಳಿತ ಕೊರಿಯಾದ ಮಗು, ತನ್ನ ಹೆಸರು ಗೊತ್ತಿಲ್ಲದ ಗುತ್ತಿಗೆ ಸಹಾಯಕನನ್ನು ವಾರಕ್ಕೊಮ್ಮೆ ನೋಡುವ ಜಪಾನಿನ ಮಗು, ಒಂದೇ ಆದೇಶಕ್ಕೆ ಟ್ಯೂಷನ್ ನಿಂತುಹೋದ ಚೀನಾದ ಮಗು, ಇವರೆಲ್ಲ ನಂಬಿ ಬಂದವರು. ಶಾಲೆ ಯಾವುದಾದರೇನು ಎಂದು ಹೊರಡುವ ಶಿಕ್ಷಕ ಆ ಮಗುವಿಗೂ ಅದನ್ನೇ ಹೇಳುತ್ತಿದ್ದಾನೆ. ತಾನು ಹಾಗೆ ಹೇಳುತ್ತಿದ್ದೇನೆಂಬ ಅರಿವು ಅವನಿಗಿಲ್ಲದಿರಬಹುದು, ಅದರ ಪೆಟ್ಟು ಮಾತ್ರ ಮಗುವಿಗೆ ಬೀಳುತ್ತದೆ.

ಬದಲಾವಣೆ ಎಲ್ಲಿಂದ ಶುರುವಾಗಬೇಕು ಎಂದು ಯಾರೂ ಕಾಯಬೇಕಿಲ್ಲ. ರಾಜ್ಯದ ಬಿ.ಎಡ್. ಕಾಲೇಜುಗಳು ಮತ್ತು ಇಂಗ್ಲಿಷ್ ಎಂ.ಎ. ವಿಭಾಗಗಳು ವಿದೇಶಿ ನೇಮಕಾತಿಯ ಒಪ್ಪಂದವನ್ನು ಓದುವುದು ಹೇಗೆಂದು ಕಲಿಸಬೇಕು. ಪಾಠದ ಗಂಟೆ ಬೇರೆ, ಕೆಲಸದ ಗಂಟೆ ಬೇರೆ ಎಂಬುದೂ ತಿಳಿಯದ ಪದವೀಧರನನ್ನು ಹೊರಗೆ ಕಳಿಸುವುದು ಬೇಜವಾಬ್ದಾರಿ. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ದಶಕಗಳಿಂದ ತರಬೇತಿ ಕೊಡುತ್ತಿದೆ. ಹೊರದೇಶಕ್ಕೆ ಹೊರಟವರಿಗೂ ಅದು ನೆರವಾಗಬೇಕು. ಕೇರಳ 1977ರಲ್ಲೇ ಒಡೆಪೆಕ್ ಎಂಬ ಸರ್ಕಾರಿ ನೇಮಕಾತಿ ಸಂಸ್ಥೆ ಕಟ್ಟಿತು. ಶಿಕ್ಷಕರ ವಿಷಯದಲ್ಲಿ ಕರ್ನಾಟಕವೂ ಅಂಥ ಹೊಣೆ ಹೊತ್ತು, ಶಾಲೆಗಳನ್ನು ಪರಿಶೀಲಿಸಿ ಪಟ್ಟಿ ಪ್ರಕಟಿಸಲಿ. ಭಾರತ ಸರ್ಕಾರ ವ್ಯಾಪಾರ ಒಪ್ಪಂದಕ್ಕೆ ಕೂರುವಾಗ ಸಾಫ್ಟ್‌ವೇರ್ ಎಂಜಿನಿಯರರ ವೀಸಾ ಕುರಿತು ಪಟ್ಟು ಹಿಡಿಯುವಷ್ಟೇ ಗಟ್ಟಿಯಾಗಿ ಶಿಕ್ಷಕರ ಅರ್ಹತೆಗೆ ಮನ್ನಣೆ ಕೇಳಲಿ. ಪಾಸ್‌ಪೋರ್ಟ್ ನೋಡಿ ಶಿಕ್ಷಕರನ್ನು ಆರಿಸುವ ನಿಯಮವನ್ನು ಕೊರಿಯಾ, ಚೀನಾಗಳು ಕೈಬಿಡಬೇಕೆಂದು ಬಾಯಿಬಿಟ್ಟು ಹೇಳಲಿ.

ಹೊರಡುವವರು ಇವತ್ತೇ ಮಾಡಬಹುದಾದದ್ದೂ ಇದೆ. ಶಾಲೆ ಯಾರ ಹೆಸರಿನಲ್ಲಿ, ಯಾವ ಇಲಾಖೆಯಲ್ಲಿ ನೋಂದಣಿಯಾಗಿದೆ ಎಂದು ಬರಹದಲ್ಲಿ ಕೇಳಿ. ವೀಸಾ ಯಾವ ವರ್ಗದ್ದು, ಕೆಲಸ ಬಿಟ್ಟರೆ ಅದು ಏನಾಗುತ್ತದೆ ಎಂದು ಕೇಳಿ. ಮನೆಯ ಬಾಡಿಗೆ ಕರಾರು ಯಾರ ಹೆಸರಿನಲ್ಲಿರುತ್ತದೆ, ಮೊದಲ ತಿಂಗಳು ಪಾಠ ನೋಡಿ ತಿದ್ದುವ ಹಿರಿಯ ಶಿಕ್ಷಕರು ಯಾರು, ರಜೆಯ ತಿಂಗಳ ಸಂಬಳ ಎಷ್ಟು ಎಂದು ಕೇಳಿ. ಈಗ ಅಲ್ಲಿರುವ ಒಬ್ಬ ಶಿಕ್ಷಕರ ಜೊತೆ, ಬಿಟ್ಟು ಬಂದ ಇನ್ನೊಬ್ಬರ ಜೊತೆ ಮಾಲೀಕರ ಎದುರಲ್ಲದೆ ಮಾತಾಡಿ. ಪ್ರಾಮಾಣಿಕ ಶಾಲೆ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ, ವಾರದೊಳಗೆ ಉತ್ತರ ಕಳಿಸುತ್ತದೆ. ಉತ್ತರಗಳು ಕೈಗೆ ಬರುವ ತನಕ ಏಜೆಂಟನಿಗೆ ಒಂದು ರೂಪಾಯಿ ಮುಂಗಡ ಕೊಡಬೇಡಿ, ಪಾಸ್‌ಪೋರ್ಟ್ ಕೊಡಬೇಡಿ, ಒಪ್ಪಂದಕ್ಕೆ ಸಹಿ ಹಾಕಬೇಡಿ.